ದಿನ್ನೆ ಓಣಿಯ ಎಣಿಕೆ

ನಮ್ಮ ಊರಲ್ಲಿ ಬೆಳಗಾದರೆ ಜನ ಮುಖ ತೊಳೆಯುವ ಮೊದಲು ಓಣಿಯ ಬಾಯಲ್ಲಿರುವ ಹಲಗೆ ನೋಡಿ ಬರುತ್ತಿದ್ದರು. ಹಲಗೆಯ ಮೇಲೆ ಕೆಂಪು ದೀಪದ ಅಂಕಿ ಹೊತ್ತಿಕೊಂಡಿರುತ್ತಿತ್ತು. ಅದು ಆ ಓಣಿಯ ಬಾವಿಯ ಎಣಿಕೆ. ನಸುಕಿನಲ್ಲಿ ನೀರು ಸಭೆಯ ಆಳು ಎಲ್ಲ ಬಾವಿಗಳಿಂದ ಒಂದೊಂದು ಸೀಸೆ ನೀರು ತುಂಬಿಕೊಂಡು ಕಣ್ಣಿನ ಮನೆಗೆ ಒಯ್ಯುತ್ತಿದ್ದ. ಅಲ್ಲಿದ್ದ ಯಂತ್ರವನ್ನು ಊರವರೆಲ್ಲ ಕಣ್ಣು ಅಂತಲೇ ಕರೆಯುತ್ತಿದ್ದೆವು. ಅದು ನೀರನ್ನು ಹನಿಹನಿಯಾಗಿ ಗಾಜಿನ ನಡುವೆ ಹರಿಸಿ, ಬಿಡದೆ ಚಿತ್ರ ತೆಗೆದು, ಬರಿಗಣ್ಣಿಗೆ ಕಾಣದ ಜೀವಾಣುಗಳು ಎಷ್ಟಿವೆ ಎಂದು ತಾನೇ ಎಣಿಸಿ ಹಲಗೆಗೆ ಅಂಕಿ ಕಳಿಸುತ್ತಿತ್ತು. ಎಣಿಕೆ ಹೆಚ್ಚಿದ್ದ ಓಣಿಯವರು ಮುಟ್ಟಿದ ನೀರನ್ನು ಎಣಿಕೆ ಕಡಿಮೆ ಇದ್ದ ಓಣಿಯವರು ಕುಡಿಯುವಂತಿರಲಿಲ್ಲ. ಊರಿನ ಕಟ್ಟಳೆ ಇಷ್ಟೇ. ಯಾರು ಮಾಡಿದರು, ಯಾವಾಗ ಮಾಡಿದರು ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ.

ನಾನು ಹುಟ್ಟಿದ್ದು ಗಾಣದ ಓಣಿಯಲ್ಲಿ. ಎಣಿಕೆಯಲ್ಲಿ ಊರಿಗೆ ನಡುವಿನ ಓಣಿ. ಮದುವೆಯಾಗಿ ತಗ್ಗಿನ ಓಣಿಗೆ ಬಂದೆ. ಅಲ್ಲಿಯ ಎಣಿಕೆ ಊರಿಗೇ ಹೆಚ್ಚು. ಮದುವೆಯ ಮರುದಿನ ತವರಿಗೆ ಹೋದಾಗ ನನ್ನ ಹಡೆದವ್ವ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ನನ್ನ ಬೊಗಸೆಗೆ ನೀರು ಹೊಯ್ದಳು. ತಂಬಿಗೆ ನನ್ನ ಕೈಗೆ ಕೊಡಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು ಅನ್ನಿ, ಆದರೆ ಕೈ ಮಾತ್ರ ಇಳಿಯಲಿಲ್ಲ. ಜನ ಇದಕ್ಕೆಲ್ಲ ಒಗ್ಗಿಕೊಂಡಿದ್ದರು. ಶಾಲೆಯಲ್ಲಿ ಮಕ್ಕಳು ಆ ದಿನದ ಎಣಿಕೆಯ ಪ್ರಕಾರ ಮುಂದೆ ಹಿಂದೆ ಕೂರುತ್ತಿದ್ದವು. ದೊಡ್ಡದು ಚಿಕ್ಕದು ಎನ್ನುವ ಗಣಿತ ಅವಕ್ಕೆ ಬೇರೆ ಕಲಿಸಬೇಕಾಗಿರಲಿಲ್ಲ. ಹದವಾದ ಮಳೆ ಬಿದ್ದು ನಮ್ಮ ಎಣಿಕೆ ಒಂದಿಷ್ಟು ಇಳಿದರೆ ಸಾಕು, ತಗ್ಗಿನ ಓಣಿಯಲ್ಲಿ ಹೆಣ್ಣು ನೋಡಲು ಹೋಗುವವರೂ ಬೀಗರನ್ನು ಕಾಣಲು ಹೋಗುವವರೂ ಅವಸರದಿಂದ ಹೊಸ ಸೀರೆ ಉಟ್ಟು ಹೊರಡುತ್ತಿದ್ದರು. ಗಾಳಿ ಎದ್ದು ಗುಡ್ಡದ ಕೆಮ್ಮಣ್ಣು ಹಾರಿದ ದಿನ ಎಣಿಕೆ ಮೇಲೇರುತ್ತಿತ್ತು, ಹೊರಟವರು ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದರು.

ದಿನ್ನೆ ಓಣಿಯ ಹಲಗೆ ಮಾತ್ರ ಎಂದೂ ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ಊರಿನ ಎತ್ತರದಲ್ಲಿ ಕಲ್ಲಿನ ಮನೆಗಳು, ಮುಚ್ಚಳವಿದ್ದ ಹಳೆಯ ಬಾವಿ, ಎಣಿಕೆ ಒಂದು ಕೈ ಬೆರಳಿನಷ್ಟು. ನೀರು ಸಭೆಯ ಅಧ್ಯಕ್ಷ ಮುರಿಗೆಪ್ಪನವರ ಮನೆ ಅಲ್ಲೇ ಇತ್ತು. ಆ ಓಣಿಯವರು ನಡೆಯುವಾಗಲೂ ತುಂಬಿದ ಕೊಡ ಹೊತ್ತವರ ಹಾಗೆ ನೆಟ್ಟಗೆ ನಡೆಯುತ್ತಿದ್ದರು.

ನನ್ನ ಗಂಡ ದ್ಯಾಮಣ್ಣ ಪಂಪು ರಿಪೇರಿ ಮಾಡುವವ. ಊರಿನ ಎಲ್ಲ ಬಾವಿಗಳಿಗೂ ಅವನೇ ಇಳಿಯಬೇಕು. ದಿನ್ನೆ ಓಣಿಯ ಬಾವಿಗೆ ಇಳಿಯುವ ಮುನ್ನ ಅವರ ನೀರಿನಲ್ಲೇ ಅವನನ್ನು ಮೀಯಿಸಿ, ಅವರದೇ ಬಟ್ಟೆ ಉಡಿಸಿ ಬಿಡುತ್ತಿದ್ದರು. ಅವನು ಅದಕ್ಕೂ ನಗುತ್ತಿದ್ದ. ಯಾರಾದರೂ ಕಾಲು ತುಳಿದರೆ ತಾನೇ ಕಾಲು ಅಡ್ಡ ಇಟ್ಟೆ ಎನ್ನುವ ಮನುಷ್ಯ. ಏನು ಅಂದರೂ 'ಇರಲಿ ಬಿಡ್ರಿ' ಅನ್ನುತ್ತಿದ್ದ. ಅವನ ಅಕ್ಕ ಹುಲಿಗೆವ್ವ ಹಾಗಲ್ಲ. ಬಳೆ ಮಾರುವವಳು, ಗಂಡ ತೀರಿದ ಮೇಲೆ ನಮ್ಮ ಜೊತೆಗೇ ಇದ್ದಳು. ಒಣಗಿದ ಕೈಗೆ ಎಣಿಕೆ ಇಲ್ಲ ಎಂದು ಕಟ್ಟಳೆಯಲ್ಲೇ ಇದ್ದುದರಿಂದ ಎಲ್ಲ ಓಣಿಯ ಹೆಂಗಸರ ಕೈ ಹಿಡಿಯುವ ಹಕ್ಕು ಅವಳಿಗಿತ್ತು. ಬೆವರಿದ ಕೈ ಚಾಚಿದವರಿಗೆ, "ಒರಸಿಕೊಂಡು ಬಾರವಾ, ನಿನ್ನ ಎಣಿಕೆ ನನಗ ಹತ್ತೀತು" ಅನ್ನುತ್ತಿದ್ದಳು. ದಿನ್ನೆ ಓಣಿಯವರಿಗೂ ಹಾಗೇ ಅನ್ನುತ್ತಿದ್ದಳು. ಅವರು ನಗಬೇಕೋ ಬೇಡವೋ ಗೊತ್ತಾಗದೆ ಕೈ ಒರಸಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ದಿನ್ನೆ ಓಣಿಯ ಮಕ್ಕಳಿಗೆ ವಾಂತಿಭೇದಿ ಹಚ್ಚಿಕೊಂಡಿತು. ಮೊದಲು ಒಂದು ಮನೆ, ಆಮೇಲೆ ಪಕ್ಕದ ಮನೆ, ಆಮೇಲೆ ಸಾಲು ಪೂರ್ತಿ. ಹಲಗೆ ನೋಡಿದರೆ ಅಂಕಿ ಎಂದಿನಂತೆ ಸಣ್ಣದು. ನೀರಿನದೇನೂ ದೋಷವಿಲ್ಲ ಅಂದ ಮೇಲೆ ದೋಷ ಹೊರಗಿನಿಂದ ಬಂದಿರಬೇಕು. ಹೊರಗಿನಿಂದ ಬಂದವರು ಯಾರು? ಹಿಂದಿನ ವಾರ ಪಂಪು ಕೆಟ್ಟಾಗ ಬಾವಿಗೆ ಇಳಿದವ ನನ್ನ ಗಂಡ.

ಅವನನ್ನು ನೀರು ಸಭೆಯ ಅಂಗಳಕ್ಕೆ ಕರೆಸಿದರು. ನಾನೂ ಹುಲಿಗೆವ್ವನೂ ಹಿಂದೆಯೇ ಹೋದೆವು. ಮುರಿಗೆಪ್ಪನವರು ಕೂಗಾಡುವವರಲ್ಲ. ಹೆಗಲ ಶಾಲು ಸರಿಮಾಡಿಕೊಂಡು ಮೆಲ್ಲಗೆ ಮಾತಾಡಿದರು. "ನೀ ಬೇಕಂತ ಮಾಡೀ ಅಂತ ಯಾರೂ ಅನ್ನೂದಿಲ್ಲ ದ್ಯಾಮಣ್ಣ. ಆದ್ರ ನಿನ್ನ ಮೈಗೆ ನಿಮ್ಮ ಓಣಿ ನೀರು ಅಂಟಿರ್ತದ. ಎಷ್ಟು ಮೀಸಿದ್ರೂ ಹೋಗಿಲ್ಲ ಅಂತ ಕಾಣ್ತದ."

"ಬಾವಿ ತಳದಾಗ ಕರ್ರಗ ಪಾಚಿ ಕಟ್ಟಿತ್ರಿ. ನಾನು ಅವತ್ತ ಹೇಳಿದ್ದೆ," ಅಂದ ದ್ಯಾಮಣ್ಣ.

"ಪಾಚಿ ಇದ್ರ ಕಣ್ಣಿಗೆ ಕಾಣ್ತಿತ್ತಲ್ಲ? ಎಣಿಕೆ ನೋಡು."

ಸಭೆಯ ಬಾಗಿಲ ಮೇಲೆ ಎಲ್ಲ ಓಣಿಗಳ ಅಂಕಿ ತೋರಿಸುವ ಹಲಗೆಯಿತ್ತು, ಇವನು ಅದರಲ್ಲಿ ಎಣಿಕೆ ನೋಡಿದ. ಎಲ್ಲರೂ ನೋಡಿದರು. ಅವನಿಗೆ ನೀರು ಬಂದ್ ಮಾಡಿದ್ದೇವೆ ಎಂದು ಸಭೆ ಹೇಳಿತು. ಊರ ಹೊರಗಿನ ಕಲ್ಲುಕ್ವಾರಿಯಲ್ಲಿ ಇರಬೇಕು, ಯಾವ ಓಣಿಯವರೂ ಒಂದು ಗುಟುಕು ನೀರು ಕೊಡಬಾರದು, ಕೊಟ್ಟ ಓಣಿಗೂ ನೀರು ಬಂದ್. ಬದುಕಬೇಕಾದರೆ ಕ್ವಾರಿಯ ಹೊಂಡದ್ದು ಕುಡಿಯಲಿ.

ದಿನ್ನೆ ಓಣಿಯವರ ಮೇಲೆ ನನಗೆ ಸಿಟ್ಟು ಬಂದದ್ದು ಸಹಜ. ಆದರೆ ನಿಜವಾಗಿ ಹೊಟ್ಟೆ ಉರಿದದ್ದು ನಮ್ಮ ಓಣಿಯವರನ್ನು ನೋಡಿ. ದ್ಯಾಮಣ್ಣ ದುಡ್ಡಿಲ್ಲದೆ ಯಾರ ಮನೆಯ ನಲ್ಲಿ ಸರಿಮಾಡಿದ್ದನೋ ಅವರೇ, ಅವನು ಕಂಬಳಿ ಹೊದ್ದು ಹೊರಟಾಗ ಬಾಗಿಲು ಮುಂದೆ ಮಾಡಿಕೊಂಡರು. "ಏನ್ ಮಾಡೋದು ಅನಸವ್ವ, ನಮ್ಮ ಎಣಿಕೆ ಮೊದಲ ಹೆಚ್ಚೈತಿ. ಮತ್ತ ನಮ್ಮ ಮ್ಯಾಲ ಬಂದ್ರ?" ಅಂದರು. ಜೀವನವಿಡೀ ಬೊಗಸೆಯಲ್ಲಿ ನೀರು ಕುಡಿದವರು ಇವರು. ಇನ್ನೊಬ್ಬನ ಬೊಗಸೆಯನ್ನೂ ಬರಿದು ಮಾಡಲು ಹೇಳಿದರೆ ತಲೆ ಆಡಿಸಿದರು.

ಹಣ್ಣಿನೊಳಗಿನ ನೀರಿಗೆ ಎಣಿಕೆ ಇರಲಿಲ್ಲ. ಹಾಗಾಗಿ ನಾನು ಕಲ್ಲಂಗಡಿ, ಸೌತೆಕಾಯಿ ಹೊತ್ತುಕೊಂಡು ಕ್ವಾರಿಗೆ ಹೋಗತೊಡಗಿದೆ. ಅವನು ಬಂಡೆಯ ನೆರಳಲ್ಲಿ ಕೂತು ಕಲ್ಲಂಗಡಿಯನ್ನು ಸಿಪ್ಪೆಯ ತನಕ ಕೆರೆದು ತಿನ್ನುತ್ತಿದ್ದ. ತುಟಿ ಒಡೆದಿತ್ತು. ಒಂದು ದಿನ ಕೇಳಿದ, "ಮಕ್ಕಳು ಹ್ಯಾಂಗದಾವ?" ನನಗೆ ಕೂಗಿಬಿಡಬೇಕು ಅನ್ನಿಸಿತು. ನಿನ್ನನ್ನು ಇಲ್ಲಿ ಒಣಗಲು ಹಾಕಿದವರ ಮಕ್ಕಳ ಚಿಂತೆ ನಿನಗ್ಯಾಕೆ ಅಂದೆ. ಅವನು ಸಿಪ್ಪೆ ಮಡಚಿ ಬದಿಗಿಟ್ಟು, "ಅವು ಏನ್ ಮಾಡ್ಯಾವ ಪಾಪ," ಅಂದ.

ಮಕ್ಕಳಿಗೆ ಕಡಿಮೆ ಆಗಿರಲಿಲ್ಲ. ಹುಲಿಗೆವ್ವ ಬಳೆಯ ಬುಟ್ಟಿ ಹೊತ್ತು ದಿನ್ನೆ ಓಣಿಗೆ ಹೋಗುವುದನ್ನು ನಿಲ್ಲಿಸಿರಲಿಲ್ಲ. ಆ ಹೊತ್ತಿನಲ್ಲಿ ಬಳೆ ಯಾರು ಕೊಳ್ಳುತ್ತಾರೆ? ಅವಳು ಸುಮ್ಮನೆ ಜಗುಲಿಯಿಂದ ಜಗುಲಿಗೆ ಹೋಗಿ ಕೂರುತ್ತಿದ್ದಳು. ಮುರಿಗೆಪ್ಪನವರ ಸೊಸೆ ಪ್ರಮೀಳಾಬಾಯಿಯ ನಾಲ್ಕು ವರ್ಷದ ಮಗಳು ಹಾಸಿಗೆ ಹಿಡಿದಿದ್ದಳು. ತಾಯಿ ಚಮಚದಿಂದ ಬಾವಿಯ ಹಸಿನೀರು ಕುಡಿಸುತ್ತಿದ್ದಳು, ಮಗು ಕಕ್ಕುತ್ತಿತ್ತು, ಮತ್ತೆ ಕುಡಿಸುತ್ತಿದ್ದಳು.

"ಕಾಸಿ ಕುಡಸ್ರಿ ಬಾಯಾರ," ಅಂದಳಂತೆ ಹುಲಿಗೆವ್ವ.

"ನಮ್ಮ ಮಾವನವರು ಬ್ಯಾಡ ಅಂತಾರ. ದಿನ್ನೆ ನೀರು ಕಾಸೋದು ಅಂದ್ರ ನಮ್ಮ ನೀರಿನ ಮ್ಯಾಲ ನಾವ ಸಂಶಯ ಪಟ್ಟಂಗ ಆಗ್ತದಂತ."

ಆ ಸಂಜೆ ಪ್ರಮೀಳಾಬಾಯಿಯ ಎದುರು ಮನೆಯ ಎಳೆಗೂಸು ತೀರಿಕೊಂಡಿತು. ಮರುದಿನ ದಿನ್ನೆ ಓಣಿಯ ಗಂಡಸರು ಕ್ವಾರಿಯೂ ಬಹಳ ಹತ್ತಿರವಾಯಿತು, ದ್ಯಾಮಣ್ಣನನ್ನು ಗುಡ್ಡದ ಆಚೆ ಅಟ್ಟಬೇಕು ಎಂದು ಸಭೆಯ ಮುಂದೆ ಸೇರಿದರು. ಅಂಗಳ ತುಂಬಿತ್ತು. ಎಲ್ಲ ಓಣಿಯವರೂ ಬಂದಿದ್ದರು, ತಮ್ಮ ತಮ್ಮ ಎಣಿಕೆಯ ಪ್ರಕಾರ ದೂರ ದೂರ ನಿಂತಿದ್ದರು. ಹುಲಿಗೆವ್ವ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ನಡುವೆ ಹೋಗಿ ನಿಂತಳು.

"ನನ್ನ ತಮ್ಮನ್ನ ಎಲ್ಲಿಗರ ಅಟ್ರಿ. ಅದಕ್ಕೂ ಮೊದಲ ನನಗ ಚಿತ್ರ ತೋರಿಸ್ರಿ," ಅಂದಳು.

"ಯಾವ ಚಿತ್ರ?" ಮುರಿಗೆಪ್ಪನವರಿಗೆ ಅರ್ಥವಾಗಲಿಲ್ಲ.

"ಕಣ್ಣು ತಗಿಯೂ ಚಿತ್ರ. ಹನಿ ಚಿತ್ರ ತಗದು ಎಣಸ್ತೈತಿ ಅಂತೀರಲ್ಲ. ಎಣಿಕಿ ನೋಡಿ ನೋಡಿ ಸಾಕಾಗೈತಿ. ಏನನ್ನ ಎಣಸ್ತೈತಿ, ನೋಡೋಣು."

"ಅದೆಲ್ಲ ನಿನಗ ತಿಳಿಯೂದಿಲ್ಲವಾ."

"ತಿಳೀಲಿಲ್ಲ ಅಂದ್ರ ಕೇಳ್ತೀನಿ. ತೋರಸಾಕ ಏನ್ ತ್ರಾಸು?"

ಮುರಿಗೆಪ್ಪನವರು ಶಾಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಪ್ರಮೀಳಾಬಾಯಿ ಮುಂದೆ ಬಂದಳು. ಕೂದಲು ಕೆದರಿತ್ತು, ಸೆರಗಿನಲ್ಲಿ ಮಗು ಕಕ್ಕಿದ ಕಲೆ ಹಾಗೇ ಇತ್ತು. "ಮಾವನವರ, ನಾನೂ ನೋಡ್ಬೇಕು," ಅಂದಳು. ಮನೆಯ ಸೊಸೆ ಊರ ಮುಂದೆ ಬಾಯಿ ಬಿಟ್ಟ ಮೇಲೆ ಅವರಿಗೆ ಬೇಡ ಎನ್ನುವುದು ಕಷ್ಟವಾಯಿತು.

ಕಣ್ಣನ್ನು ನೋಡಿಕೊಳ್ಳುತ್ತಿದ್ದವಳು ವಾರಿಜಾ ಎಂಬ ಹುಡುಗಿ. ದೂರದಲ್ಲಿ ಓದಿ ಆ ವರ್ಷವೇ ಕೆಲಸಕ್ಕೆ ಸೇರಿದ್ದಳು. ಸಭೆಯ ದೊಡ್ಡ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ ಸುಣ್ಣದ ಗೋಡೆಯ ಮೇಲೆ ಚಿತ್ರ ಬಿಟ್ಟಳು. ಬಾಗಿಲಲ್ಲಿ, ಕಿಟಕಿಯ ಸಂದಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದರು. ಆ ನೂಕುನುಗ್ಗಲಲ್ಲಿ ಯಾವ ಓಣಿಯವರು ಯಾರಿಗೆ ತಾಗಿದರು ಎಂದು ಯಾರೂ ನೋಡಲಿಲ್ಲ.

ಮೊದಲು ತಗ್ಗಿನ ಓಣಿಯ ಹನಿ. ಗೋಡೆ ತುಂಬ ಸಣ್ಣ ಸಣ್ಣ ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ಯಂತ್ರ ಹಾಕಿದ ಹಸಿರು ಚೌಕ. ನಾಚಿಕೆಯಿಂದ ನಮ್ಮ ಓಣಿಯವರು ತಲೆ ತಗ್ಗಿಸಿದರು. ಹುಲಿಗೆವ್ವ ಮಾತ್ರ ಗೋಡೆಯ ಹತ್ತಿರ ಹೋದಳು. "ಇವು ಹುಳ ಏನವಾ? ಕಾಲಿಲ್ಲ, ಬಾಲಿಲ್ಲ. ಅಲಗಾಡಾಕತ್ತಿಲ್ಲ."

ವಾರಿಜಾ ಚಿತ್ರವನ್ನು ದೊಡ್ಡದು ಮಾಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಇದರಾಗ ಬಹಳಷ್ಟು ಮಣ್ಣಿನ ಕಣ," ಅಂದಳು. "ಗುಡ್ಡದ ಕೆಮ್ಮಣ್ಣು. ಅಂಚು ಇದ್ದ ಚುಕ್ಕಿ ಎಲ್ಲಾನೂ ಜೀವ ಅಂತ ಎಣಿಸೋ ಹಂಗ ಇದನ್ನ ಹೊಂದಿಸ್ಯಾರ."

ಮಣ್ಣು. ಮಣ್ಣಿಗಾಗಿ ನನ್ನ ಹಡೆದವ್ವ ನನಗೆ ತಂಬಿಗೆ ಕೊಟ್ಟಿರಲಿಲ್ಲ.

"ದಿನ್ನೀದು ತೋರಸು," ಅಂದಳು ಪ್ರಮೀಳಾಬಾಯಿ.

ದಿನ್ನೆ ಓಣಿಯ ಹನಿಯಲ್ಲಿ ಚುಕ್ಕೆಗಳು ಇರಲಿಲ್ಲ. ಅಲ್ಲೊಂದು ಇಲ್ಲೊಂದು ದೊಡ್ಡ ಮುದ್ದೆ ಇತ್ತು, ಹಳಸಿದ ಅನ್ನ ಅಂಟಿಕೊಂಡ ಹಾಗೆ. ಒಂದೊಂದು ಮುದ್ದೆಗೂ ಒಂದೊಂದೇ ಹಸಿರು ಚೌಕ. ವಾರಿಜಾ ಒಂದು ಮುದ್ದೆಯನ್ನು ದೊಡ್ಡದು ಮಾಡುತ್ತ ಹೋದಳು. ಅದು ಗೋಡೆಯನ್ನು ತುಂಬಿತು. ಒಳಗೆ ಅಂಟಂಟು ಲೋಳೆಯಲ್ಲಿ ಸಣ್ಣ ಕಡ್ಡಿಗಳಂಥವು ಒತ್ತೊತ್ತಾಗಿ ಸೇರಿಕೊಂಡಿದ್ದವು, ಸಂದಿಯಿಲ್ಲದಷ್ಟು.

"ಇದು ಎಷ್ಟು ಅಂತ ಎಣಿಸೈತಿ?" ಹುಲಿಗೆವ್ವ ಕೇಳಿದಳು.

"ಒಂದು," ಅಂದಳು ವಾರಿಜಾ. "ಇಡೀ ಮುದ್ದಿಗೆ ಹೊರಗಿನ ಅಂಚು ಒಂದ ಐತಲ್ಲ, ಅದಕ್ಕ."

"ಬಿಡಿಸಿ ಎಣಸಾಕ ಬರಂಗಿಲ್ಲೇನು?"

ವಾರಿಜಾ ಮುರಿಗೆಪ್ಪನವರ ಕಡೆ ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು. "ಬರ್ತೈತಿ. ಮಣ್ಣು ಬ್ಯಾರೆ, ಜೀವ ಬ್ಯಾರೆ ಮಾಡೂದೂ ಇದಕ್ಕ ಬರ್ತೈತಿ. ನಾ ಬಂದ ಹೊಸದಾಗ ಸಭೆಗೆ ಕೇಳಿದ್ದೆ. ತಡ ಆಗ್ತದ, ನಸುಕಿಗೆ ಹಲಗಿ ಹತ್ತೂದಿಲ್ಲ, ಹಿಂದಿನವರು ಮಾಡಿದ್ದ ಇರ್ಲಿ ಅಂದ್ರು."

ಜನರೆಲ್ಲ ಮುರಿಗೆಪ್ಪನವರ ಕಡೆ ತಿರುಗಿದರು. ಅವರು ಗೋಡೆ ನೋಡುತ್ತಿದ್ದರು.

ಅಲ್ಲೇ ಎಲ್ಲರ ಮುಂದೆ ಹೊಸದಾಗಿ ಎಣಿಕೆ ಆಯಿತು. ಹೊತ್ತು ಹಿಡಿಯಿತು, ಯಾರೂ ಕದಲಲಿಲ್ಲ. ನಮ್ಮ ಓಣಿಯ ಅಂಕಿ ಇಳಿದು ಇಳಿದು ಊರಿಗೇ ಸಣ್ಣದಾಯಿತು. ದಿನ್ನೆ ಓಣಿಯದು ಏರುತ್ತಲೇ ಹೋಗಿ, ಬಾಗಿಲ ಮೇಲಿನ ಹಲಗೆಯಲ್ಲಿ ಅಷ್ಟು ಅಂಕಿಗೆ ಜಾಗವಿಲ್ಲದೆ ದೀಪ ಕಣ್ಣು ಹೊಡೆಯತೊಡಗಿತು. ಪ್ರಮೀಳಾಬಾಯಿ ಮನೆಯ ಕಡೆ ಓಡಿದಳು. ಹುಲಿಗೆವ್ವ ಅವಳ ಹಿಂದೆ ಹೋದಳು. ಆ ಮಧ್ಯಾಹ್ನವೇ ತಗ್ಗಿನ ಓಣಿಯಿಂದ ನೀರು ಹೊತ್ತು, ಕುದಿಸಿ, ಉಪ್ಪು ಸಕ್ಕರೆ ಹಾಕಿ ಆ ಮಗುವಿಗೆ ಕುಡಿಸಿದರು. ಮಗು ಕಕ್ಕಲಿಲ್ಲ. ಸುದ್ದಿ ತಿಳಿದ ಮೇಲೆ ದಿನ್ನೆಯ ಎಲ್ಲ ಮನೆಯಿಂದಲೂ ಕೊಡಗಳು ನಮ್ಮ ಓಣಿಗೆ ಬಂದವು. ನಮ್ಮವರು ತುಂಬಿಸಿ ಕೊಟ್ಟರು. ಒಬ್ಬರಾದರೂ ಕೊಡವನ್ನು ಎತ್ತರಕ್ಕೆ ಹಿಡಿದು ಹೊಯ್ಯಲಿಲ್ಲ. ನನಗೆ ಹೊಯ್ಯಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಗ್ಗೆ ನೋಡಿದರೆ ಹಲಗೆಗಳೇ ಇಲ್ಲ. ರಾತ್ರೋರಾತ್ರಿ ಬಿಚ್ಚಿಸಿದ್ದರು. ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಬುಟ್ಟಿಗಟ್ಟಲೆ ಬೂಂದಿ ಉಂಡೆ ತರಿಸಿ, ಮುರಿಗೆಪ್ಪನವರು ಭಾಷಣ ಮಾಡಿದರು. "ಎಣಿಕೆ ಅನ್ನೋದು ಬರೇ ಒಂದು ಅಂದಾಜು. ಅದನ್ನ ನಾವು ಅಷ್ಟು ಮನಸ್ಸಿಗೆ ಹಚ್ಚಿಕೋಬಾರದಿತ್ತು. ಮನುಷ್ಯ ಮನುಷ್ಯರ ನಡುವ ಅಂಕಿ ಯಾಕ? ಇವತ್ತಿನಿಂದ ಊರೆಲ್ಲ ಒಂದ." ಚಪ್ಪಾಳೆ ಬಿತ್ತು. ನಮ್ಮ ಓಣಿಯವರೂ ಉಂಡೆ ತಿನ್ನುತ್ತ ಚಪ್ಪಾಳೆ ತಟ್ಟಿದರು.

ನಾನು ನನ್ನ ಉಂಡೆಯನ್ನು ಬುಟ್ಟಿಗೇ ತಿರುಗಿ ಹಾಕಿದೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಿಂದ ಎಣಿಕೆ ನಮ್ಮನ್ನು ಆಳಿತ್ತು. ಅದರಿಂದ ಮದುವೆಗಳು ಮುರಿದವು, ಬಾಯಾರಿದವರು ಬಾಗಿಲಿನಿಂದ ತಿರುಗಿ ಹೋದರು. ಅಷ್ಟೂ ಕಾಲ ಅದು ದೇವರ ಮಾತಿಗಿಂತ ಹೆಚ್ಚಾಗಿತ್ತು. ದಿನ್ನೆಯವರ ಮೇಲೆ ಒಂದೇ ಒಂದು ಮಧ್ಯಾಹ್ನ ತಿರುಗಿ ಬಿದ್ದಾಗ ಅದು ಅಂದಾಜಾಯಿತು. ಒಂದು ಹಗಲು, ಒಂದೇ ಒಂದು ಹಗಲು ಆ ಅಂಕಿ ದಿನ್ನೆ ಓಣಿಯ ಬಾಯಲ್ಲಿ ಉರಿದಿದ್ದರೆ ಏನಾಗುತ್ತಿತ್ತು? ಅಷ್ಟನ್ನೂ ಅವರು ಸಹಿಸಲಿಲ್ಲ. ಭಾಷಣದಲ್ಲಿ ಕ್ವಾರಿಯಲ್ಲಿದ್ದ ನನ್ನ ಗಂಡನ ಹೆಸರೂ ಬರಲಿಲ್ಲ. ನಾನೇ ಕೇಳಿದ್ದಕ್ಕೆ ಸಭೆಯವರೊಬ್ಬರು, "ಕಟ್ಟಳೇನ ಹೋತಲ್ಲವಾ, ಇನ್ನ ಬರ್ಲಿ ಬಿಡು," ಅಂದರು.

ಅವನನ್ನು ನಾನೂ ಹುಲಿಗೆವ್ವನೂ ಹೋಗಿ ಕರೆತಂದೆವು. ಬಿಸಿಲಿಗೆ ಕಪ್ಪಾಗಿ, ಹೊಂಡದ ನೀರಿಗೆ ಹೊಟ್ಟೆ ಕೆಟ್ಟು ಅರ್ಧವಾಗಿದ್ದ. ಮನೆಗೆ ಬಂದು ಕೂರುವುದರೊಳಗೆ ದಿನ್ನೆ ಓಣಿಯಿಂದ ಕರೆ ಬಂತು. ಬಾವಿ ತೊಳೆಯಬೇಕು, ತಳದ ಪಾಚಿ ತೆಗೆಯಬೇಕು, ಆ ಆಳಕ್ಕೆ ಇಳಿದು ಗೊತ್ತಿರುವವನು ದ್ಯಾಮಣ್ಣ ಒಬ್ಬನೇ. ಅವನು ಆಗಲೇ ಎದ್ದು ಹಗ್ಗ ಹುಡುಕುತ್ತಿದ್ದ. ಹುಲಿಗೆವ್ವ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು. "ಎರಡು ದಿನ ಉಣ್ಣು, ಮಲಗು. ಮಕ್ಕಳಿಗೆ ಕಾಸಿದ ನೀರು ನಮ್ಮ ಓಣಿಯಿಂದ ಹೋಗಾಕತ್ತೈತಿ. ಯಾವ ಕೂಸೂ ಸಾಯಂಗಿಲ್ಲ. ಆಮ್ಯಾಲ ಹೋಗೂಣು. ನಾನೂ ಬರ್ತೀನಿ."

ಹಾಗೆ ನಾವು ಮೂವರೂ ದಿನ್ನೆ ಓಣಿಯ ಬಾವಿಗೆ ಹೋದೆವು. ಓಣಿಗೆ ಓಣಿಯೇ ಸೇರಿತ್ತು. ಮುರಿಗೆಪ್ಪನವರು ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದರು. ಈ ಸಲ ಯಾರೂ ದ್ಯಾಮಣ್ಣನನ್ನು ಮೀಯಿಸಲು ಬರಲಿಲ್ಲ. ಅವನು ಗಾಲಿಗೆ ಹಗ್ಗ ಹಾಕಲು ಕೈ ಚಾಚಿದ. ಹುಲಿಗೆವ್ವ ಹಗ್ಗ ಕೊಡಲಿಲ್ಲ. ಕಟ್ಟೆಯ ಮೇಲೆ ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಮುರಿಗೆಪ್ಪನವರ, ನನ್ನ ತಮ್ಮಗ ಏನರ ಹೇಳೂದು ಐತಿ ಏನು?"

ಅವರಿಗೆ ತಿಳಿಯಿತು. ಶಾಲಿನ ಕಡೆ ಕೈ ಹೋಯಿತು. "ಏನೋ ಆಗಬಾರದ್ದು ಆಗಿಹೋತು," ಅಂದರು.

"ಮಳಿ ಬಂತು, ಗಾಳಿ ಬಂತು ಅಂದಂಗ ಅನ್ನಬ್ಯಾಡ್ರಿ. ತಾನ ಆಗಿಲ್ಲ ಅದು. ಮಾಡಿದವರು ಅದಾರ."

"ತಪ್ಪು ನಡದದ ಅಂತ ಒಪ್ಪತೀನಲ್ಲವಾ."

"ಅದಕ್ಕ ಕಾಲಿಲ್ಲ, ಹ್ಯಾಂಗ ನಡೀತೈತಿ?"

ಯಾರೋ ನಕ್ಕು ನಿಲ್ಲಿಸಿದರು. ಬಿಸಿಲೇರಿತು. ದ್ಯಾಮಣ್ಣ, "ಬಿಡಕ್ಕಾ," ಅಂದ. ಅವಳು ಅವನ ಕಡೆ ತಿರುಗಲಿಲ್ಲ. ಓಣಿಯ ಗಂಡಸರು ಗೊಣಗಿದರು, ಒಬ್ಬಿಬ್ಬರು ಹಗ್ಗಕ್ಕೆ ಕೈ ಹಾಕಲು ಬಂದರು. ಪ್ರಮೀಳಾಬಾಯಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಹುಲಿಗೆವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ಎಳೆಗೂಸು ಕಳೆದುಕೊಂಡ ಎದುರು ಮನೆಯ ತಾಯಿಯೂ ಬಂದು ಕೂತಳು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಅವಳು ಕೂತ ಮೇಲೆ ಗೊಣಗುವುದು ನಿಂತಿತು.

ನೆರಳು ಕಾಲಡಿಗೆ ಬರುವ ಹೊತ್ತಿಗೆ ಮುರಿಗೆಪ್ಪನವರು, "ನಾವು ಮಾಡಿದ್ವಿ," ಅಂದರು.

"ಯಾರಿಗೆ?"

"ದ್ಯಾಮಣ್ಣಗ."

"ಅವ ಇಲ್ಲೇ ನಿಂತಾನ. ಅವಗ ಹೇಳ್ರಿ."

ಅವರು ನನ್ನ ಗಂಡನ ಕಡೆ ತಿರುಗಿದರು. ಎಷ್ಟೋ ವರ್ಷ ಅವನ ತಲೆಯ ಮೇಲಿಂದ ನೋಡಿ ಮಾತಾಡಿದವರು ಕಣ್ಣು ಇಳಿಸಬೇಕಾಯಿತು. "ದ್ಯಾಮಣ್ಣ, ನಾವು ನಿನಗ ಅನ್ಯಾಯ ಮಾಡಿದ್ವಿ."

ದ್ಯಾಮಣ್ಣ ಅಂಗೈ ಒರಸಿಕೊಂಡ. ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯದಂತಾಗಿತ್ತು. ಅವನ ತುಟಿ ತೆರೆದದ್ದು ನನಗೆ ಕಂಡಿತು. ಈಗ ಇವನು 'ಇರಲಿ ಬಿಡ್ರಿ' ಅನ್ನುತ್ತಾನೆ, ಎಲ್ಲರೂ ಉಸಿರು ಬಿಡುತ್ತಾರೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಅಂದುಕೊಂಡೆ. ಅವನು ಒಂದು ಕ್ಷಣ ಆ ಎಳೆಗೂಸಿನ ತಾಯಿಯ ಕಡೆ ನೋಡಿದ.

"ಹೌದ್ರಿ, ಮಾಡಿದ್ರಿ," ಅಂದ. ಅಕ್ಕನ ಮಡಿಲಿನಿಂದ ಹಗ್ಗ ತೆಗೆದುಕೊಂಡು ಬಾವಿಗೆ ಇಳಿದ.